ತ್ರೀ ನಾಟ್ ತ್ರೀ ಕೈಕೊಟ್ಟಾಗ

2019ರ ಆಗಸ್ಟ್‌ನಲ್ಲಿ ಬಿಹಾರದ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಅಂತ್ಯಕ್ರಿಯೆಯಲ್ಲಿ ಕುಶಾಲತೋಪು ಹಾರಿಸಲು ನಿಂತ ಪೊಲೀಸರ 22 ಬಂದೂಕುಗಳಲ್ಲಿ ಒಂದೂ ಸಿಡಿಯಲಿಲ್ಲ. ದೇಶವೆಲ್ಲ ನಕ್ಕಿತು. ಬಂದೂಕು ಬಲ್ಲವರಿಗೆ ಮಾತ್ರ ಅದರಲ್ಲೊಂದು ಸುಳಿವಿದೆ. ಒಂದೇ ಬಂದೂಕು ಕೈಕೊಟ್ಟರೆ ಅದರ ಬೋಲ್ಟ್ (ತೋಟಾವನ್ನು ನಳಿಗೆಗೆ ತಳ್ಳುವ ಭಾಗ) ಬಿಚ್ಚಿ ನೋಡಬೇಕು. ಇಡೀ ಸಾಲೇ ಕೈಕೊಟ್ಟರೆ ಮೊದಲ ಅನುಮಾನ ತೋಟಾದ ಮೇಲೆ.

ನಮ್ಮಲ್ಲಿ ಹಳೆಯ ಸೇನಾ ರೈಫಲ್ ಎಂದರೆ ಲೀ ಎನ್‌ಫೀಲ್ಡ್, ಪೊಲೀಸರ ಬಾಯಲ್ಲಿ ‘ತ್ರೀ ನಾಟ್ ತ್ರೀ’. ಇದರ 1907ರ ಮಾದರಿಯನ್ನು ಬಂಗಾಳದ ಇಷಾಪುರ ಕಾರ್ಖಾನೆ ಸ್ವಾತಂತ್ರ್ಯದ ನಂತರವೂ ತಯಾರಿಸುತ್ತಿತ್ತು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರಲ್ಲಿ.

ಕುದುರೆ ಎಳೆದರೂ ಗುಂಡು ಹಾರದಿದ್ದರೆ ಮೊದಲ ಕೆಲಸ ಏನೂ ಮಾಡದೆ ಇರುವುದು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಹಳೆಯ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಬೋಲ್ಟನ್ನು ಥಟ್ಟನೆ ಹಿಂದಕ್ಕೆಳೆಯುವ ಚಪಲ ಅಪಾಯಕಾರಿ.

ಆಮೇಲೆ ತೋಟಾದ ಹಿಂಬದಿಯ ಕ್ಯಾಪ್ ನೋಡಿ. ಫೈರಿಂಗ್ ಪಿನ್ ಬಡಿದ ಗುಳಿ ಆಳವಾಗಿದ್ದೂ ಸಿಡಿದಿಲ್ಲವಾದರೆ ಕ್ಯಾಪ್ ಸತ್ತಿದೆ, ಬಂದೂಕನ್ನು ಬೈದು ಫಲವಿಲ್ಲ. ಗುಳಿ ಮೇಲುಮೇಲಾಗಿದ್ದರೆ ತಪ್ಪು ಬೋಲ್ಟಿನೊಳಗಿದೆ: ಸ್ಪ್ರಿಂಗ್ ಸೋತಿರಬಹುದು, ಫೈರಿಂಗ್ ಪಿನ್ ಸವೆದಿರಬಹುದು. ನನಗೆ ಎಲ್ಲಕ್ಕಿಂತ ಹೆಚ್ಚು ಗುಮಾನಿ ಗ್ರೀಸಿನ ಮೇಲೆ. ದಶಕಗಳ ಕಾಲ ಪೆಟ್ಟಿಗೆಯಲ್ಲಿದ್ದ ಬಂದೂಕಿನಲ್ಲಿ ಅದು ಜೋನಿಬೆಲ್ಲದಂತೆ ಅಂಟಾಗಿ ಪಿನ್ನಿನ ವೇಗವನ್ನೇ ನುಂಗುತ್ತದೆ. ಈ ರೈಫಲಿನ ಸ್ಪ್ರಿಂಗ್ ಬಿಗಿಯಾಗುವುದು ಬೋಲ್ಟನ್ನು ಮುಂದಕ್ಕೆ ತಳ್ಳುವಾಗ. ಬೋಲ್ಟಿನ ಹಿಡಿಯನ್ನು ಪೂರ್ತಿ ಕೆಳಕ್ಕೆ ಒತ್ತದಿದ್ದರೆ ಪಿನ್ನಿನ ಬಲ ಬೋಲ್ಟನ್ನು ತಿರುಗಿಸುವುದರಲ್ಲೇ ಮುಗಿದು, ಕ್ಯಾಪಿಗೆ ಬೀಳುವ ಪೆಟ್ಟು ಸೊರಗುತ್ತದೆ.

ಬೋಲ್ಟ್ ಮುಂದಕ್ಕೆ ಹೋಗದೆ ಸಿಕ್ಕಿಕೊಂಡರೆ ಮ್ಯಾಗಜೀನ್ ನೋಡಬೇಕು. ಈ ತೋಟಾದ ಬುಡಕ್ಕೆ ಹೊರಚಾಚಿದ ಅಂಚಿದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ ಎರಡೂ ತಳಕುಹಾಕಿಕೊಳ್ಳುತ್ತವೆ. ಹಾರಿಸಿದ ಮೇಲೆ ಬೋಲ್ಟ್ ತೆರೆಯಲು ಬಿಗಿಯಾದರೆ ನಳಿಗೆಯ ಬುಡದಲ್ಲಿ ಕೊಳೆಯೋ ತುಕ್ಕೋ ಇರಬಹುದು. ಹಳೆಯ ಕ್ಯಾಪುಗಳು ಉಳಿಸುವ ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ, ಎಣ್ಣೆಗೆ ಕರಗುವುದಿಲ್ಲ. ಸೈನಿಕರು ನಳಿಗೆಗೆ ಕುದಿನೀರು ಸುರಿಯುತ್ತಿದ್ದುದು ಅದಕ್ಕೇ.

ಒಂದು ಬಂದೂಕಿನ ಬೋಲ್ಟನ್ನು ಇನ್ನೊಂದಕ್ಕೆ ಹಾಕಿ ನೋಡೋಣ ಎನ್ನುವವರಿದ್ದಾರೆ. ಬೇಡ. ಬೋಲ್ಟ್ ಹಿಡಿಯ ಮೇಲೂ ಬಂದೂಕಿನ ಮೈಮೇಲೂ ಒಂದೇ ಸಂಖ್ಯೆ ಕೊರೆದಿರುವುದು ಅವೆರಡನ್ನೂ ಜೋಡಿಯಾಗಿ ಹೊಂದಿಸಿದ್ದಕ್ಕೆ. ಬೋಲ್ಟಿನ ಮುಖಕ್ಕೂ ತೋಟಾಕ್ಕೂ ನಡುವೆ ಸಂದು ಹೆಚ್ಚಾದರೆ ಪೆಟ್ಟು ತಪ್ಪುತ್ತದೆ, ಇಲ್ಲವೇ ಹಿತ್ತಾಳೆಯ ಕೋಶ ಹರಿದು ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಎರಡನೇ ಮಹಾಯುದ್ಧದ ನಂಬರ್ 4 ಮಾದರಿಗೆ ಈ ಸಂದು ಸರಿಪಡಿಸಲೆಂದೇ 0ಯಿಂದ 3ರವರೆಗೆ ನಾಲ್ಕು ಅಳತೆಯ ಬೋಲ್ಟ್ ತಲೆಗಳಿದ್ದವು. ಗೇಜ್ ಹಾಕಿ ಅಳೆಯುವುದು ಆರ್ಮರರ್, ಅಂದರೆ ಬಂದೂಕು ದುರಸ್ತಿಗಾರನ ಕೆಲಸ. 3ನೆಯದೂ ಸಾಲದೆ ಹೋದರೆ ಆ ಬಂದೂಕು ಗೋಡೆಗೇ ಸರಿ.