ನಲವತ್ತೈದರ ಕೀರ್ತಿ, ಒಂಬತ್ತರ ಅಪಕೀರ್ತಿ

ಆತ್ಮರಕ್ಷಣೆಗೆ 9 ಎಂಎಂ ಪಿಸ್ತೂಲು ಸಾಕೇ, .45 ಅಂಗುಲದ್ದು ಬೇಕೇ? ಅಮೆರಿಕದ ಬಂದೂಕುಪ್ರಿಯರಲ್ಲಿ ದಶಕಗಳಿಂದ ಬಗೆಹರಿಯದ ಜಗಳವಿದು. ದೊಡ್ಡ ಗುಂಡು ತಗುಲಿದವನು ಹಿಂದಕ್ಕೆ ಹಾರಿ ಬೀಳುತ್ತಾನೆ, ಸಣ್ಣದು ತಗುಲಿದವನು ಮೈಮೇಲೆ ಬರುತ್ತಾನೆ ಎಂಬುದು .45ರ ಅಭಿಮಾನಿಗಳ ನಂಬಿಕೆ.

ಹಾರಿ ಬೀಳುವುದೆಲ್ಲ ಸಿನಿಮಾದ ಹಗ್ಗದ ಕರಾಮತ್ತು. .45ರ ಗುಂಡು ತೂಗುವುದು ಸುಮಾರು 15 ಗ್ರಾಂ, ಹಾರುವುದು ಸೆಕೆಂಡಿಗೆ ಸುಮಾರು 250 ಮೀಟರ್. ಅದರ ನೂಕು ಪೂರ್ತಿ ತಗುಲಿದರೂ 70 ಕಿಲೋ ದೇಹಕ್ಕೆ ಬರುವ ವೇಗ ಸೆಕೆಂಡಿಗೆ ಐದಾರು ಸೆಂಟಿಮೀಟರ್. ಎದುರಿನವನನ್ನು ಎಸೆಯುವಷ್ಟು ಬಲವಿದ್ದಿದ್ದರೆ ಗುಂಡು ಹಾರಿಸಿದವನೂ ಅಂಗಾತ ಬೀಳಬೇಕಿತ್ತಲ್ಲ!

.45ಕ್ಕೆ ಈ ಕೀರ್ತಿ ಬಂದದ್ದು ಫಿಲಿಪ್ಪೀನ್ಸ್‌ನಿಂದ. ಅಲ್ಲಿ ಮೋರೋ ಹೋರಾಟಗಾರರ ಎದುರು ಅಮೆರಿಕನ್ ಸೈನಿಕರ .38 ರಿವಾಲ್ವರ್ ಸೋತಿತೆಂಬ ದೂರು ಎದ್ದಿತ್ತು. 1904ರಲ್ಲಿ ಷಿಕಾಗೋದ ಕಸಾಯಿಖಾನೆಯ ದನಗಳ ಮೇಲೆ, ಶವಗಳ ಮೇಲೆ ಪರೀಕ್ಷೆ ನಡೆಸಿ ಸೇನೆ .45ಕ್ಕೆ ಮುದ್ರೆ ಒತ್ತಿತು.

9 ಎಂಎಂಗೆ ಕೆಟ್ಟ ಹೆಸರು ತಂದದ್ದು ಮಯಾಮಿ. 1986ರ ಏಪ್ರಿಲ್ 11ರಂದು ಎಂಟು ಎಫ್‌ಬಿಐ ಏಜೆಂಟರು ಇಬ್ಬರು ಬ್ಯಾಂಕ್ ದರೋಡೆಕೋರರನ್ನು ಅಡ್ಡಗಟ್ಟಿದರು. ದರೋಡೆಕೋರರಲ್ಲೊಬ್ಬನಾದ ಮೈಕೆಲ್ ಪ್ಲಾಟ್‌ಗೆ ಮೊದಮೊದಲೇ ಒಂದು 9 ಎಂಎಂ ಗುಂಡು ತಗುಲಿತು. ಬಲತೋಳನ್ನು ತೂರಿ, ಎದೆ ಹೊಕ್ಕು, ಶ್ವಾಸಕೋಶ ಹರಿದು, ಹೃದಯಕ್ಕೆ ಇನ್ನೊಂದು ಅಂಗುಲ ಇರುವಾಗ ನಿಂತುಬಿಟ್ಟಿತು. ಅವನು ರೈಫಲ್ ಹಾರಿಸುತ್ತಲೇ ಇದ್ದ. ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಕೊನೆಗೆ ಕಾಳಗ ಮುಗಿಸಿದ್ದು ಏಜೆಂಟ್ ಎಡ್ ಮಿರೆಲೆಸ್ ಅವರ ರಿವಾಲ್ವರಿನ .38 ಸ್ಪೆಷಲ್ ಗುಂಡುಗಳು. ತಮಾಷೆಯೆಂದರೆ, ಹೆಸರು .38 ಆದರೂ ಆ ಗುಂಡಿನ ಅಸಲಿ ಅಡ್ಡಳತೆ .357 ಅಂಗುಲ, ಅಂದರೆ 9 ಎಂಎಂಗಿಂತ ಕೂದಲೆಳೆಯಷ್ಟು ಹೆಚ್ಚು!

ಆದರೂ ತಪ್ಪು 9 ಎಂಎಂ ತಲೆಗೇ ಬಂತು. ಎಫ್‌ಬಿಐ 10 ಎಂಎಂಗೆ ಹೋಯಿತು. ಅದರ ಹಿಂದೊದೆತ ಹಲವರ ಕೈಗೆ ಬಗ್ಗಲಿಲ್ಲ. ಅದನ್ನೇ ಮೊಟಕುಗೊಳಿಸಿದ .40 ತೋಟಾ 1990ರಲ್ಲಿ ಬಂತು. ನಿಜವಾಗಿ ಉಪಯೋಗಕ್ಕೆ ಬಂದದ್ದು ಹೊಸ ಪರೀಕ್ಷೆ: ಮಾಂಸದಂತೆ ವರ್ತಿಸುವ ಜೆಲಾಟಿನ್‌ನಲ್ಲಿ ಗುಂಡು 12ರಿಂದ 18 ಅಂಗುಲ ಇಳಿಯಬೇಕು, ನಡುವೆ ಬಟ್ಟೆ, ಪ್ಲೈವುಡ್, ಗಾಜು ಅಡ್ಡ ಬಂದರೂ. ಕಂಪನಿಗಳು ಗುಂಡಿನ ವಿನ್ಯಾಸವನ್ನೇ ತಿದ್ದಿದವು. 2014ರಲ್ಲಿ ಎಫ್‌ಬಿಐ ತರಬೇತಿ ವಿಭಾಗ 9 ಎಂಎಂಗೇ ಮರಳುವುದು ಲೇಸೆಂದಿತು. ಒದೆತ ಕಮ್ಮಿ, ಗುರಿ ಬೇಗ ಕೂರುತ್ತದೆ, ಗ್ಲಾಕ್‌ನ .40 ಪಿಸ್ತೂಲಿನಲ್ಲಿ 15 ತೋಟಾ ಹಿಡಿದರೆ ಅದೇ ಗಾತ್ರದ 9 ಎಂಎಂನಲ್ಲಿ 17.

ಹಾಗೆಂದು ಇನ್ನೂ ಸಣ್ಣದಾದ .22 ಆಟಿಕೆಯಲ್ಲ. 1981ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಮೇಲೆ ಹಾರಿದ್ದು ಅದೇ. ಕಾರಿಗೆ ಬಡಿದು ಚಿಮ್ಮಿ ಎದೆ ಹೊಕ್ಕ ಗುಂಡು ಹೃದಯದ ಹತ್ತಿರಕ್ಕೇ ಹೋಗಿತ್ತು. ರೇಗನ್ ಮಾತ್ರ ಪಕ್ಕೆಲುಬು ಮುರಿದಿದೆ ಅಂದುಕೊಂಡು ಆಸ್ಪತ್ರೆಯೊಳಗೆ ನಡೆದೇ ಹೋದರು. ಅಂದು ತಲೆಗೆ ಗುಂಡು ತಗುಲಿದ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಬದುಕಿಡೀ ಅಂಗವಿಕಲರಾದರು.

ಭಾರತದಲ್ಲಿ ಈ ಆಯ್ಕೆಯೇ ಇಲ್ಲ. 9 ಎಂಎಂ ಜನಸಾಮಾನ್ಯರಿಗೆ ನಿಷೇಧಿತ ಬೋರ್. ಲೈಸೆನ್ಸ್ ಸಿಕ್ಕರೂ ಕೈಗೆ ಬರುವುದು ಹೆಚ್ಚಾಗಿ .32, 2014ರಲ್ಲಿ ಮಹಿಳೆಯರಿಗೆಂದು ಕಾನ್ಪುರದಲ್ಲಿ ತಯಾರಾದ ಅರ್ಧ ಕಿಲೋ ತೂಕದ ‘ನಿರ್ಭೀಕ್’ ರಿವಾಲ್ವರ್ ಕೂಡ .32 ಬೋರಿನದೇ.