ವಾಯುದಳದ ಕೆಡೆಟ್‌ಗಳು: ನಿಲ್ದಾಣದ ಸುತ್ತ ಬೆಳೆದ ಕನಸು

ಎನ್.ಸಿ.ಸಿ. ಎಂದರೆ ಖಾಕಿ ಬಟ್ಟೆ, ಕವಾಯತು ಎಂದೇ ನಮ್ಮಲ್ಲಿ ರೂಢಿ. ಅದಕ್ಕೆ ವಿಮಾನ ಹಾರಿಸಲು ಕಲಿಸುವ ವಾಯುದಳವೂ ಇದೆ. ಅಫಜಲಪುರದ ವಿದ್ಯಾರ್ಥಿಗೆ ಅದು ದೂರವೇಕೆ? ಉತ್ತರ ಇತಿಹಾಸದಲ್ಲಿದೆ.

ಹೃದಯನಾಥ ಕುಂಜ್ರು ಸಮಿತಿಯ ಶಿಫಾರಸಿನಂತೆ 1948ರ ಏಪ್ರಿಲ್‌ನಲ್ಲಿ ಕಾಯ್ದೆಯಾಯಿತು. ಜುಲೈ 15ರಂದು ಎನ್.ಸಿ.ಸಿ. ಆರಂಭವಾಯಿತು. ಮೊದಲ ನಿರ್ದೇಶಕರು ಗೋಪಾಲ ಗುರುನಾಥ ಬೇವೂರ. ಮುಂದೆ 1973ರಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. ಆ ಜುಲೈನಲ್ಲಿ ಅಫಜಲಪುರ ಇನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನ ಶರಣಾದದ್ದು ಸೆಪ್ಟೆಂಬರ್ 17ರಂದು.

ಬಾಲಕಿಯರ ವಿಭಾಗ 1949ರಲ್ಲಿ ಬಂತು. ವಾಯುದಳ 1950ರಲ್ಲಿ ಮುಂಬಯಿ, ಕಲ್ಕತ್ತಗಳಲ್ಲಿ ಒಂದೊಂದು ಸ್ಕ್ವಾಡ್ರನ್‌ನಿಂದ ಶುರುವಾಯಿತು. ಚೀನಾ ಯುದ್ಧದ ನಂತರ 1963ರಲ್ಲಿ ಎನ್.ಸಿ.ಸಿ. ಕಡ್ಡಾಯವಾಯಿತು; 1968ರಲ್ಲಿ ಮತ್ತೆ ಐಚ್ಛಿಕವಾಯಿತು.

ಖಾಕಿ ದಳಕ್ಕೆ ಶಾಲೆಯ ಮೈದಾನ ಸಾಕು. ಹಾರಾಟಕ್ಕೆ ರನ್‌ವೇ, ಹ್ಯಾಂಗರ್, ವಿಮಾನ, ವಾಯುಪಡೆಯ ಅಧಿಕಾರಿ ಎಲ್ಲವೂ ಬೇಕು. ಹಾಗಾಗಿ ಹಾರಾಟದ ಸ್ಕ್ವಾಡ್ರನ್‌ಗಳು ವಿಮಾನ ನಿಲ್ದಾಣಗಳ ಬಳಿಯೇ ಬೆಳೆದವು. ನಮ್ಮ ರಾಜ್ಯದಲ್ಲಿ ಅದಕ್ಕೆ ನೆಲೆಯಾದದ್ದು ಬೆಂಗಳೂರಿನ ಜಕ್ಕೂರು. ಅಲ್ಲಿ ಕೆಡೆಟ್‌ಗಳು ತರಬೇತುದಾರರ ಜೊತೆ ಪುಟ್ಟ ಮೈಕ್ರೋಲೈಟ್ ವಿಮಾನದಲ್ಲಿ ಹಾರುತ್ತಾರೆ. ವಿಮಾನದ ಮಾದರಿಗಳನ್ನು ತಯಾರಿಸುವುದು, ಹವಾಮಾನ, ಹಾರಾಟದ ತತ್ವಗಳೂ ಪಾಠದಲ್ಲಿವೆ.

ಇದು ಬರೀ ಹವ್ಯಾಸದ ಮಾತಲ್ಲ. ವಾಯುದಳದ ಹಿರಿಯ ವಿಭಾಗದಲ್ಲಿ ‘ಸಿ’ ಸರ್ಟಿಫಿಕೇಟ್ ಪಡೆದ ಪದವೀಧರರು, ಉಳಿದ ಅರ್ಹತೆಗಳಿದ್ದರೆ, ಲಿಖಿತ ಪರೀಕ್ಷೆಯಿಲ್ಲದೆ ವಾಯುಪಡೆಯ ಹಾರಾಟ ವಿಭಾಗದ ಆಯ್ಕೆ ಮಂಡಳಿಯ ಮುಂದೆ ಹೋಗಬಹುದು. ಖಾಕಿ ದಳದ ‘ಸಿ’ ಸರ್ಟಿಫಿಕೇಟ್ ಭೂಸೇನೆಯ ವಿಶೇಷ ಪ್ರವೇಶಕ್ಕೆ ನೆರವಾಗುತ್ತದೆ, ಆದರೆ ಈ ಬಾಗಿಲು ತೆರೆಯದು. ಪರೀಕ್ಷೆ ಬರೆದು ವಾಯುಪಡೆ ಸೇರುವ ದಾರಿ ಎಲ್ಲರಿಗೂ ಇದ್ದೇ ಇದೆ. ಆದರೂ ಓದುವ ಕಾಲೇಜು ಯಾವ ಊರಲ್ಲಿದೆ ಎಂಬುದೇ ಒಂದು ಅವಕಾಶವನ್ನು ಕೊಡುತ್ತದೆ, ಇಲ್ಲವೇ ಕಸಿಯುತ್ತದೆ.

ಕಲ್ಯಾಣ ಕರ್ನಾಟಕಕ್ಕೆ ಆಕಾಶ ಹೊಸದಲ್ಲ. ಬೀದರಿನ ವಾಯುಪಡೆ ಕೇಂದ್ರದಲ್ಲಿ ದಶಕಗಳಿಂದ ಪೈಲಟ್‌ಗಳು ತಯಾರಾಗುತ್ತಿದ್ದಾರೆ. 2019ರ ನವೆಂಬರ್ 22ರಂದು ಕಲಬುರಗಿಯಲ್ಲೂ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ರನ್‌ವೇ ಇಲ್ಲವೆಂಬ ಹಳೆಯ ಕಾರಣ ಈಗ ಉಳಿದಿಲ್ಲ. ಆದರೆ ನಿಲ್ದಾಣ ಬಂದ ಮಾತ್ರಕ್ಕೆ ದಳ ಬರುವುದಿಲ್ಲ. ಕಾಲೇಜು ಬೇಡಿಕೆ ಸಲ್ಲಿಸಬೇಕು, ಮಂಜೂರಾತಿ ಸಿಗಬೇಕು, ತರಬೇತಿ ಪಡೆದು ಕೆಡೆಟ್‌ಗಳ ಹೊಣೆ ಹೊರಲು ಒಬ್ಬ ಅಧ್ಯಾಪಕರು ಮುಂದೆ ಬರಬೇಕು. ಭೀಮಾ ತೀರದ ಮಕ್ಕಳಿಗೆ ಜಕ್ಕೂರು ಹತ್ತಿರವಾಗುವುದು ಆಗಲೇ.