ಕೆರೆಯ ಹಸುರು ಕೆನೆ

ನೀರನ್ನು ಕಾಸಿ ಆರಿಸಿ ಕುಡಿದರೆ ರೋಗಭಯವಿಲ್ಲವೆಂಬುದು ನಮ್ಮ ಗೃಹಸ್ಥರಲ್ಲಿ ಬೇರೂರಿದ ನಂಬಿಕೆ. ವಿಷೂಚಿ, ವಿಷಮಶೀತಜ್ವರ ಮೊದಲಾದುವುಗಳ ಮಟ್ಟಿಗೆ ಅದು ಸತ್ಯವೇ ಸರಿ. ಆದರೆ ಕಾಸಿದರೂ ಹೋಗದ ವಿಷವೊಂದುಂಟು. ಬೇಸಗೆಯಲ್ಲಿ ಕೆರೆಯ ಮೇಲೆ ಹಸುರು ಬಣ್ಣವನ್ನು ಸುರಿದಂತೆ ಹರಡುವ ಕೆನೆಯಲ್ಲಿ ಅದು ಅಡಗಿರಬಹುದು.

ಇದನ್ನು ಜನರು ಪಾಚಿಯೆಂದು ಕರೆಯುವರು. ವಾಸ್ತವವಾಗಿ ಇದು ಸಸ್ಯವಲ್ಲ. ಸಯನೋಬ್ಯಾಕ್ಟೀರಿಯವೆಂಬ ಸೂಕ್ಷ್ಮಜೀವಿಗಳ ಸಮೂಹ. ಇವುಗಳ ಜೀವಕೋಶದಲ್ಲಿ ಪ್ರತ್ಯೇಕವಾದ ಕೋಶಕೇಂದ್ರವಿಲ್ಲ. ಆದರೂ ಸಸ್ಯಗಳಂತೆಯೇ ಸೂರ್ಯಪ್ರಕಾಶದಿಂದ ಆಹಾರವನ್ನು ರಚಿಸಿಕೊಂಡು ಆಮ್ಲಜನಕವನ್ನು ಹೊರಬಿಡುತ್ತವೆ. ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ ಭೂಮಿಯ ವಾಯುಮಂಡಲದಲ್ಲಿ ಆಮ್ಲಜನಕವು ತುಂಬತೊಡಗಿದುದು ಇವುಗಳ ಪೂರ್ವಜರಿಂದಲೇ. ಗದ್ದೆಯ ನೀರಿನಲ್ಲಿರುವ ಕೆಲವು ಜಾತಿಗಳು ವಾಯುವಿನ ಸಾರಜನಕವನ್ನು ಹಿಡಿದು ಭತ್ತಕ್ಕೆ ಗೊಬ್ಬರವನ್ನೊದಗಿಸುವುವೆಂಬುದನ್ನು ೧೯೩೯ರಲ್ಲಿ ಪಿ. ಕೆ. ಡೇ ಎಂಬ ಭಾರತೀಯ ವಿಜ್ಞಾನಿಗಳು ತೋರಿಸಿಕೊಟ್ಟರು. ಇಂತಹ ಉಪಕಾರಿಗಳ ಕುಲದಲ್ಲಿಯೇ ವಿಷಕಾರಿಗಳೂ ಹುಟ್ಟಿವೆ.

ಚರಂಡಿಯ ಕೊಳೆಯೂ ಹೊಲದ ಗೊಬ್ಬರವೂ ಬಂದು ಸೇರಿದ ನಿಂತ ನೀರು ಬೆಚ್ಚಗಾದಾಗ ಇವು ಮಿತಿಮೀರಿ ಬೆಳೆಯುತ್ತವೆ. ತಮ್ಮೊಳಗಿನ ಅತಿಸೂಕ್ಷ್ಮವಾದ ಗಾಳಿಚೀಲಗಳಿಂದ ಹಗುರವಾಗಿ ತೇಲಿ ಕೆನೆಗಟ್ಟುತ್ತವೆ. ಇವುಗಳಲ್ಲಿ ಕೆಲವು ಉತ್ಪಾದಿಸುವ ಮೈಕ್ರೋಸಿಸ್ಟಿನ್ ಎಂಬ ವಿಷವು ಯಕೃತ್ತಿಗೆ ಹಾನಿಕರ. ಅದು ಬಹುಮಟ್ಟಿಗೆ ಕೋಶದೊಳಗಿದ್ದು, ಕೋಶವು ಒಡೆದಾಗ ನೀರಿಗೆ ಬೆರೆಯುತ್ತದೆ. ಕುದಿಸಿದರೆ ಜೀವಿಯೇನೋ ಸಾಯುತ್ತದೆ. ವಿಷವು ಉಳಿಯುತ್ತದೆ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ.

ಇದರ ಸತ್ಯವನ್ನು ಅನ್ಯದೇಶದವರು ಅನುಭವದಿಂದ ಅರಿತರು. ೧೯೭೯ರಲ್ಲಿ ಆಸ್ಟ್ರೇಲಿಯದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಜಲಾಶಯದ ಪಾಚಿಯನ್ನು ಕೊಲ್ಲಲು ಮೈಲುತುತ್ತವನ್ನು ಹಾಕಿದರು. ಕೆಲವೇ ದಿನಗಳಲ್ಲಿ ೧೪೮ ಮಂದಿ ವಾಂತಿ, ಯಕೃತ್ತಿನ ಊತಗಳಿಂದ ನರಳಿದರು. ಅವರಲ್ಲಿ ಬಹುಪಾಲು ಮಕ್ಕಳು. ಸತ್ತ ಕೋಶಗಳು ಈ ವರ್ಗದ ಮತ್ತೊಂದು ವಿಷವನ್ನು ನೀರಿಗೆ ಬಿಟ್ಟುದೇ ಕಾರಣವೆಂದು ವಿಜ್ಞಾನಿಗಳು ನಿರ್ಣಯಿಸಿದರು. ೨೦೧೪ರ ಆಗಸ್ಟಿನಲ್ಲಿ ಅಮೆರಿಕದ ಟೊಲೀಡೊ ನಗರದ ನಲ್ಲಿಯ ನೀರಿನಲ್ಲಿ ಮೈಕ್ರೋಸಿಸ್ಟಿನ್ ಕಂಡುಬಂದಾಗ, ಕುಡಿಯಲೂ ಬೇಡಿ, ಕುದಿಸಲೂ ಬೇಡಿ ಎಂದು ೪ ಲಕ್ಷ ಜನರಿಗೆ ಸಾರಬೇಕಾಯಿತು.

ಹಸುರೆಲ್ಲವೂ ವಿಷವಲ್ಲ. ಕೋಲಿನಿಂದ ಎತ್ತಿದಾಗ ಎಲೆಯಾಗಿಯೋ ನೂಲಾಗಿಯೋ ಬರುವುದು ಸಾಮಾನ್ಯವಾಗಿ ಬೇರೆ ಸಸ್ಯ. ಕೋಲಿಗೆ ಬಣ್ಣ ಬಳಿದಂತೆ ಅಂಟಿದರೆ ಶಂಕಿಸಬೇಕು. ಅಂತಹ ನೀರನ್ನು ಅಡಿಗೆಗೆ ತರಬಾರದು, ಮಕ್ಕಳನ್ನು ಅದರಲ್ಲಿ ಈಜಲು ಬಿಡಬಾರದು, ದನಕರುಗಳಿಗೂ ಕುಡಿಸಬಾರದು. ಒಲೆಯ ಮೇಲೆ ಆಗದ ಶುದ್ಧಿಯನ್ನು ಕೆರೆಯಲ್ಲಿಯೇ ಮಾಡಬೇಕು. ಊರಿನ ಕೊಳೆಯನ್ನು ಕೆರೆಗೆ ಹರಿಯಬಿಡದಿರುವುದೇ ಅದಕ್ಕೆ ಮೊದಲ ಉಪಾಯ.